ತೂಗುಮಣೆಯಾಗಿದ್ದ ಥರ್ಡ್ ಕ್ಲಾಸ್ ಬೆಂಚು

ಹಳೆಯ ಮರದ ಸಾಮಾನು ಕೊಳ್ಳಲು ಹೋದಾಗ ಮೊದಲು ಅದನ್ನು ಬೋರಲು ಹಾಕಿ ನೋಡಿ. ಮೇಲ್ಮೈ ನೋಡಿ ಮರುಳಾಗುವವರಿಂದಲೇ ನನ್ನಂಥವರ ಒಲೆ ಉರಿದಿದೆ. ಮೇಜಿನ ಮುಖ ಎಷ್ಟು ಹಳೆಯದಾಗಿ ಬೇಕೋ ಅಷ್ಟು ಹಳೆಯದು ಮಾಡಿಕೊಡುವ ಕೈಗಳು ಮುಂಬಯಿಯ ಜೋಗೇಶ್ವರಿಯಲ್ಲಿ ಗಲ್ಲಿಗೆ ಹತ್ತಿವೆ. ಆದರೆ ಅಡಿಭಾಗವನ್ನು ಹಳೆಯದು ಮಾಡುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಅಂಗಡಿಯಲ್ಲಿ ಕೂತಷ್ಟು ಕಾಲ ಈ ಮಾತನ್ನು ಗಿರಾಕಿಗಳ ಮುಂದೆ ಆಡಲಿಲ್ಲ. ಈಗ ಮಗಳು ಅಂಗಡಿಯನ್ನು ಸೋಫಾ ಅಂಗಡಿ ಮಾಡಿದ್ದಾಳೆ; ಹೇಳಿದರೆ ನಷ್ಟವಿಲ್ಲ.

ನಾನು ವಿಜಯಪುರದವನು. ಮುಂಬಯಿಗೆ ಬಂದ ಹೊಸದರಲ್ಲಿ ಕುರ್ಲಾದ ಒಂದು ಭಂಗಾರದ, ಅಂದರೆ ಗುಜರಿ ಸಾಮಾನಿನ, ಅಂಗಡಿಯಲ್ಲಿ ತಕ್ಕಡಿ ಹಿಡಿಯುವ ಕೆಲಸ. ಆಗ ರೈಲಿನವರು ಮರದ ಬೋಗಿಗಳನ್ನೆಲ್ಲ ಓಟದಿಂದ ತೆಗೆದು ಹರಾಜು ಹಾಕುತ್ತಿದ್ದರು. ಹರಾಜಿಗೆ ಬರುವ ದೊಡ್ಡ ವ್ಯಾಪಾರಿಗಳ ಕಣ್ಣೆಲ್ಲ ಚಕ್ರ, ಅಚ್ಚು, ಚೌಕಟ್ಟಿನ ಕಬ್ಬಿಣದ ಮೇಲೆ. ಮರವನ್ನು ಸುಟ್ಟು ಕಬ್ಬಿಣ ಬಿಡಿಸಿಕೊಳ್ಳುತ್ತಿದ್ದರು. ಒಂದು ಸಲ ಆ ಬೂದಿಯ ಪಕ್ಕದಲ್ಲಿ ಬಿದ್ದಿದ್ದ ಒಂದು ತುಂಡನ್ನು ಎತ್ತಿ ಉಗುರಿನಿಂದ ಕೆರೆದು ಮೂಸಿ ನೋಡಿದೆ. ಸಾಗವಾನಿ. ಇಂಥ ಮರವನ್ನು ಸುಡುತ್ತಿದ್ದಾರಲ್ಲ ಎನಿಸಿತು, ಆದರೆ ಮುಖದಲ್ಲಿ ತೋರಿಸಲಿಲ್ಲ. ಕೊಳ್ಳುವ ವಸ್ತುವನ್ನು ಎಂದೂ ಹೊಗಳಬಾರದು. ವ್ಯಾಪಾರಿಯ ಹತ್ತಿರ ಹೋಗಿ, ನಿಮ್ಮ ಸುಡುವ ಖರ್ಚು ಉಳಿಸಿಕೊಡುತ್ತೇನೆ, ಆ ಕಸವನ್ನು ನಾನೇ ಬಿಚ್ಚಿ ಒಯ್ಯುತ್ತೇನೆ ಎಂದೆ. ಅವನು ನನಗೇ ಉಪಕಾರ ಮಾಡಿದವನಂತೆ ಒಪ್ಪಿಕೊಂಡ. ನನ್ನ ಬದುಕು ನಿಂತದ್ದು ಆ ಕಸದ ಮೇಲೆ.

ಬಿಚ್ಚುವುದಕ್ಕೆ ಒಬ್ಬ ಬಡಗಿ ಬೇಕಾಗಿತ್ತು. ಕುರ್ಲಾದ ಚಾಳಿನಲ್ಲಿ ನಮ್ಮ ಕಡೆಯವನೇ ಒಬ್ಬ ಸಿಕ್ಕ. ಮನೆಯಲ್ಲಿ ದಖನಿ ಉರ್ದು, ನನ್ನ ಹತ್ತಿರ ಕನ್ನಡ, ಕೆಲಸ ಮಾಡುವಾಗ ಯಾವ ಭಾಷೆಯೂ ಇಲ್ಲ. ಎಲ್ಲರೂ ಅವನನ್ನು ಮಿಸ್ತ್ರಿ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವನು ನನ್ನನ್ನು ಸಾವ್ಕಾರ್ರ ಎನ್ನುತ್ತಿದ್ದ. ನಾನು ತಕ್ಕಡಿ ಹಿಡಿಯುತ್ತಿದ್ದಾಗಲೂ ಸಾವ್ಕಾರ್ರ ಎಂದೇ ಕರೆದಿದ್ದ; ಅದರಲ್ಲಿ ಅರ್ಧ ಚೇಷ್ಟೆಯಿತ್ತು, ಕೊನೆಯವರೆಗೂ ಆ ಅರ್ಧ ಹಾಗೆಯೇ ಉಳಿಯಿತು.

ಬೇರೆಯವರು ಹಾರೆ ಹಾಕಿ ಕಿತ್ತರೆ ಇವನು ಒಂದೊಂದು ಸ್ಕ್ರೂ ಹುಡುಕಿ, ತುಕ್ಕು ಹಿಡಿದದ್ದಕ್ಕೆ ಎಣ್ಣೆ ಬಿಟ್ಟು, ಕಾಯ್ದು ತಿರುಗಿಸುತ್ತಿದ್ದ. ಬಿಚ್ಚಿದ ಪ್ರತಿ ತುಂಡಿನ ತುದಿಗೆ ಉಳಿಯಿಂದ ಗೀರು ಹಾಕಿ ಗುರುತು ಮಾಡುತ್ತಿದ್ದ: ಇದು ಇದರ ಪಕ್ಕ, ಅದು ಅದರ ಕೆಳಗೆ. ನಾವೇನು ಮತ್ತೆ ಕೂಡಿಸುತ್ತೇವೆಯೇ, ಸುಮ್ಮನೆ ಯಾಕೆ ಹೊತ್ತು ಕಳೆಯುತ್ತಿ ಎಂದು ನಾನು ರೇಗುತ್ತಿದ್ದೆ. ಕೈಗೆ ರೂಢಿ ಎನ್ನುತ್ತಿದ್ದ. ಅವನ ಗೀರುಗಳನ್ನು ಮರ ಕೀಸುವ ರಂದಾ ಹೊಡೆದು ಅಳಿಸುವುದಕ್ಕೆ ನಾನು ಬೇರೆ ಆಳು ಇಟ್ಟುಕೊಳ್ಳಬೇಕಾಯಿತು. ಬೋಗಿಯ ಬಾಗಿಲುಗಳು ಊಟದ ಮೇಜುಗಳಾದವು, ಕಿಟಕಿಯ ಚೌಕಟ್ಟುಗಳು ಕನ್ನಡಿಗಳಾದವು. ಎಷ್ಟು ಬೋಗಿ ಒಡೆದೆವೋ ಲೆಕ್ಕವಿಟ್ಟಿಲ್ಲ.

ಒಂದು ಬೆಂಚು ಮಾತ್ರ ಮಾರಾಟವಾಗದೆ ಉಳಿಯಿತು. ನಮ್ಮ ಊರ ಕಡೆಯ ಮೀಟರ್ ಗೇಜಿನ ಸಣ್ಣ ಗಾಡಿಯ ಥರ್ಡ್ ಕ್ಲಾಸ್ ಬೆಂಚು: ಉದ್ದುದ್ದ ಏಳು ಪಟ್ಟಿ, ನಡುನಡುವೆ ಬೆರಳು ಹೋಗುವಷ್ಟು ಸಂದು. ಸರಕಾರ ಥರ್ಡ್ ಕ್ಲಾಸ್ ಎಂಬ ಹೆಸರು ತೆಗೆದು ಸೆಕೆಂಡ್ ಕ್ಲಾಸ್ ಎಂದು ಬರೆಸಿದ ಮೇಲೂ ಕೂತವರ ತೊಡೆಗೆ ಒತ್ತಿದ್ದು ಅವೇ ಪಟ್ಟಿಗಳು. ಬೊರಿವಲಿಯಲ್ಲಿ ಫ್ಲ್ಯಾಟ್ ತೆಗೆದುಕೊಂಡಾಗ ಮಿಸ್ತ್ರಿ ಆ ಬೆಂಚಿಗೆ ಹಿತ್ತಾಳೆಯ ಸರಪಳಿ ಹಾಕಿ ತೂಗುಮಣೆ ಮಾಡಿಕೊಟ್ಟ. ಹೆಂಡತಿ ಅದರ ಮೇಲೆ ಕೂತು ಮೆಂತ್ಯೆ ಸೋಸಿದಳು, ಮಗಳಿಗೆ ಹಾಲು ಕುಡಿಸಿದಳು, ಫೋನಿನಲ್ಲಿ ತವರಿನವರ ಜೊತೆ ಜಗಳವಾಡಿದಳು. ನಾನು ದೊಡ್ಡ ಗಿರಾಕಿಗಳನ್ನು ಮನೆಗೇ ಚಹಾಕ್ಕೆ ಕರೆತಂದು ಅದನ್ನು ತೋರಿಸುತ್ತಿದ್ದೆ. ಯಾವುದೋ ಮಹಾರಾಜರ ಸಲೂನಿನದು, ಅವರ ಖಾಸಗಿ ಬೋಗಿಯದು, ಇದನ್ನು ಮಾತ್ರ ಮಾರುವುದಿಲ್ಲ ಎನ್ನುತ್ತಿದ್ದೆ. ಮಾರುವುದಿಲ್ಲ ಎಂದು ಒಂದು ವಸ್ತುವನ್ನು ತೋರಿಸಿದರೆ ಉಳಿದ ಹತ್ತು ಮಾರಾಟವಾಗುತ್ತವೆ. ಹೊಸದಾಗಿ ಅಂಗಡಿ ಹಾಕುವವರು ನೆನಪಿಡಬೇಕಾದ ಮಾತು.

ಮರದ ಬೋಗಿಗಳು ಮುಗಿದವು. ಮಿಸ್ತ್ರಿಗೂ ನನಗೂ ಜಗಳವೇನೂ ಆಗಲಿಲ್ಲ. ಹಳೆಯ ಮನೆಗಳ ತೊಲೆ ಬಾಗಿಲು ತಂದು ನಾನು ವ್ಯಾಪಾರ ಮುಂದುವರಿಸಿದೆ, ಅವನಿಗೆ ಅದರಲ್ಲಿ ಮನಸ್ಸು ಹತ್ತಲಿಲ್ಲ. ಹಬ್ಬಕ್ಕೆ ಅವನು ಶೀರಕುರ್ಮಾ ಕಳಿಸುತ್ತಿದ್ದ, ನಾವು ಶೇಂಗಾ ಹೋಳಿಗೆ ಕಳಿಸುತ್ತಿದ್ದೆವು. ಅಷ್ಟೇ ಉಳಿದಿತ್ತು. ಅವನಿಗಿಂತ ನಾನು ಮುಂದೆ ಹೋದೆ ಎಂಬ ಸಮಾಧಾನವಿತ್ತು. ಅವನು ಇನ್ನೂ ಅದೇ ಚಾಳಿನಲ್ಲಿದ್ದ.

ಎರಡು ವರ್ಷದ ಹಿಂದೆ ನನ್ನ ಹೆಂಡತಿ ಮಹಿಳಾ ಮಂಡಳದವರ ಜೊತೆ ಕುರ್ಲಾದಾಚೆ ಒಂದು ಹಳೆಯ ಎಂಜಿನ್ ಶೆಡ್ಡಿನಲ್ಲಿ ಮಾಡಿರುವ ರೈಲು ಮ್ಯೂಸಿಯಂ ನೋಡಲು ಹೋದಳು. ಸಂಜೆ ಬಂದವಳೇ ಚಪ್ಪಲಿ ಬಿಡುವ ಮೊದಲು ಶುರು ಮಾಡಿದಳು. ಮಿಸ್ತ್ರಿ ಅಣ್ಣ ಅಲ್ಲಿದ್ದಾನೆ. ಎಲ್ಲ ಹಳೆಯ ಬೋಗಿಗಳನ್ನು ಅವನೇ ದುರಸ್ತಿ ಮಾಡುತ್ತಿದ್ದಾನೆ. ಸಾಹೇಬರು ಕೂಡ ಅವನನ್ನು ಉಸ್ತಾದ್ ಎಂದು ಕರೆಯುತ್ತಾರೆ. ಕಾಲೇಜಿನ ಹುಡುಗಿಯರು ಅವನ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ಅವನ ಕೈ ಎಷ್ಟು ಚೆಂದ ಎಂದು ಕೊನೆಗೆ ಒಂದು ಮಾತು ಸೇರಿಸಿದಳು.

ನನ್ನ ಕೈ ನೋಡಿಕೊಂಡೆ. ಇಷ್ಟು ವರ್ಷದಲ್ಲಿ ನನ್ನ ಅಂಗಡಿಯ ಒಂದು ಕುರ್ಚಿಯನ್ನೂ ಅವಳು ಚೆಂದ ಎಂದದ್ದಿಲ್ಲ. ಅಂದು ಊಟದಲ್ಲಿ ಪಲ್ಯ ಉಪ್ಪಾಗಿದೆ ಎಂದು ಜಗಳ ತೆಗೆದೆ. ಉಪ್ಪಾಗಿರಲಿಲ್ಲ.

ಮುಂದಿನ ವಾರ ನಾನೂ ಹೋದೆ. ಬೇರೇನೋ ಕೆಲಸಕ್ಕೆ ಆ ಕಡೆ ಬಂದಿದ್ದೆ ಎಂದು ಹೇಳುವುದಾಗಿ ದಾರಿಯಲ್ಲೇ ನಿರ್ಧರಿಸಿಕೊಂಡಿದ್ದೆ. ಶೆಡ್ಡಿನ ಒಳಗೆ ಹೊಕ್ಕವನಿಗೆ ಮೊದಲು ಕಂಡದ್ದು ಘಟ್ಟ ಹತ್ತುತ್ತಿದ್ದ ಒಂದು ಸಣ್ಣ ಉಗಿ ಎಂಜಿನ್. ಗಿಡ್ಡ, ಕಪ್ಪು, ಹೊಟ್ಟೆಯ ಸುತ್ತ ಹಿತ್ತಾಳೆಯ ಪಟ್ಟಿ. ಅದರ ಹಿಂದೆ ಉದ್ದ ಮೂತಿಯ ವಿದ್ಯುತ್ ಎಂಜಿನ್, ಕೈಯಿಂದ ತಿರುಗಿಸುವ ಕ್ರೇನು, ಹಾಲಿನ ಕ್ಯಾನು ಸಾಗಿಸುತ್ತಿದ್ದ ರೈಲು ಡಬ್ಬಿ, ಒಳಗೇ ಸ್ನಾನದ ತೊಟ್ಟಿ ಇರುವ ಸಾಹೇಬರ ಸಲೂನು. ಉಳಿದವರು ಬಾಯಿ ತೆರೆದು ನೋಡುತ್ತಿದ್ದರು. ನನ್ನ ಕಣ್ಣು ಮಾತ್ರ ಅಭ್ಯಾಸಬಲದಿಂದ ಹಿತ್ತಾಳೆ ಇಷ್ಟು, ತಾಮ್ರ ಇಷ್ಟು ಎಂದು ತೂಗುತ್ತ ಹೋಯಿತು. ಹೀಗೆ ತೂಗುತ್ತ ಹೋದಾಗ ಗೊತ್ತಾದದ್ದು, ಇಲ್ಲಿ ನಿಂತಿರುವ ಪ್ರತಿಯೊಂದೂ ನನ್ನಂಥವರ ಕೈಯಿಂದ ತಪ್ಪಿಸಿಕೊಂಡು ಬಂದದ್ದು.

ಮಿಸ್ತ್ರಿ ಶೆಡ್ಡಿನ ಕೊನೆಯಲ್ಲಿ ಒಂದು ಬೋಗಿಯ ಮೆಟ್ಟಿಲ ಮೇಲೆ ಕೂತು ಅಗಸೆ ಎಣ್ಣೆಯಲ್ಲಿ ಬಟ್ಟೆ ಅದ್ದುತ್ತಿದ್ದ. ಗಡ್ಡ ಪೂರಾ ಬೆಳ್ಳಗಾಗಿತ್ತು. ನನ್ನನ್ನು ಕಂಡು ಎದ್ದ.

"ಈ ಡಬ್ಬಿ ಗುರುತು ಹತ್ತಿತೇನ್ರಿ ಸಾವ್ಕಾರ್ರ?"

ಹತ್ತದೇ ಇರುತ್ತದೆಯೇ. ನಮ್ಮ ಸಣ್ಣ ಗಾಡಿಯ ಥರ್ಡ್ ಕ್ಲಾಸ್. ದಕ್ಷಿಣದ ಯಾವುದೋ ನಿಲ್ದಾಣದ ಹಿಂದೆ ಯಾರೋ ಉಗ್ರಾಣ ಮಾಡಿಕೊಂಡಿದ್ದರಂತೆ. ಮ್ಯೂಸಿಯಂನವರು ಟ್ರೇಲರ್ ಮೇಲೆ ತಂದಿದ್ದರು. ಇದೊಂದರಲ್ಲಿ ಮಾತ್ರ ಜನ ಹತ್ತಿ ಕೂಡಬಹುದು ಎಂದು ಮ್ಯೂಸಿಯಂನವರು ನಿರ್ಧಾರ ಮಾಡಿದ್ದರು. ಮಿಸ್ತ್ರಿ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಸುತ್ತ ತೋರಿಸಿದ. ಒಂದೊಂದು ಬೆಂಚಿನ ಕೆಳಗೂ ಬ್ಯಾಟರಿ ಹಿಡಿದ. ಕೆಲವು ಪಟ್ಟಿಗಳ ಅಡಿಯಲ್ಲಿ ಬಿಳಿ ಬಣ್ಣದ ಒಂದು ಚುಕ್ಕೆ ಇತ್ತು, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಇಲ್ಲಿನ ಕಟ್ಟಳೆ ಅದು ಎಂದ. ಹೊಸ ಮರ ಎಲ್ಲಿ ಹಾಕಿದರೂ ಅದರ ಅಡಿಗೆ ಬಿಳಿ ಚುಕ್ಕೆ ಇಡಬೇಕು. ಮುಂದೆ ನೋಡುವವರು ಹೊಸದನ್ನು ಹಳೆಯದೆಂದು ನಂಬಿ ಮೋಸ ಹೋಗಬಾರದು. ನನಗೆ ನಗು ಬಂತು. ಹೊಸದನ್ನು ಮುಚ್ಚುವುದರಲ್ಲಿ ನನ್ನ ಆಯುಷ್ಯ ಹೋಯಿತು, ಇವನಿಗೆ ಅದನ್ನು ತೋರಿಸುವುದಕ್ಕೆ ಸಂಬಳ.

ಬೋಗಿಯ ಒಂದು ಮೂಲೆಯಲ್ಲಿ ಬೆಂಚು ಇರಲಿಲ್ಲ. ಗೋಡೆಯಿಂದ ಬೆಂಚು ಹೊರುವ ಕಬ್ಬಿಣದ ಬ್ರಾಕೆಟ್ಟುಗಳು ಮಾತ್ರ ಚಾಚಿಕೊಂಡಿದ್ದವು. ಅಲ್ಲಿ ಅವನು ಬ್ಯಾಟರಿ ಆರಿಸಿದ. ಈ ಬೋಗಿ ಮುಗಿದರೆ ಅವನ ಕರಾರೂ ಮುಗಿಯುತ್ತದೆ, ಆಮೇಲೆ ವಿಜಯಪುರಕ್ಕೆ ತಮ್ಮನ ಹತ್ತಿರ ಹೋಗುತ್ತಾನೆ, ಕಣ್ಣು ಮೊದಲಿನಂತಿಲ್ಲ ಎಂದೆಲ್ಲ ಹೇಳಿದ. ಆಮೇಲೆ ಆ ಖಾಲಿ ಮೂಲೆಯನ್ನು ನೋಡುತ್ತಲೇ ಹೇಳಿದ:

"ನಾವಿಬ್ರೂ ಕೂಡಿ ಒಡದದ್ದು ರಗಡ ಆತ್ರಿ. ಒಂದರೆ ಪೂರಾ ಮಾಡಿ ಹೋಗ್ಬೇಕಂತ ಐತಿ."

ಅವನು ಏನು ಕೇಳಲಿದ್ದಾನೆಂದು ನನಗೆ ಆಗಲೇ ಗೊತ್ತಾಯಿತು. ಕೆಲಸ ಇದೆ ಎಂದು ಹೊರಟುಬಿಟ್ಟೆ.

ಒಂದು ರವಿವಾರ ಅವನೇ ಬೊರಿವಲಿಗೆ ಬಂದ. ಹೆಂಡತಿ ಚಹಾ, ಚೂಡಾ ತಂದಿಟ್ಟಳು. ಎಷ್ಟು ಹೇಳಿದರೂ ತೂಗುಮಣೆಯ ಮೇಲೆ ಕೂಡಲಿಲ್ಲ; ನೆಲದ ಮೇಲೆ ಕೂತ. ಅಲ್ಲಿಂದ ಅದರ ಅಡಿ ಕಾಣುತ್ತದೆ, ಅದಕ್ಕೇ. ಚಹಾ ಕುಡಿದು ಕಪ್ಪು ಬದಿಗಿಟ್ಟು, ಆ ಮೂಲೆಗೆ ಇದೇ ಅಳತೆಯ ಬೆಂಚು ಬೇಕು, ಎಲ್ಲೂ ಸಿಗುತ್ತಿಲ್ಲ, ಇದನ್ನು ಕೊಡಬೇಕು ಎಂದ. ಬದಲಿಗೆ ಒಳ್ಳೆ ಸಾಗವಾನಿಯಲ್ಲಿ ಬೇರೆ ತೂಗುಮಣೆ ತಾನೇ ಮಾಡಿಕೊಡುತ್ತೇನೆ ಎಂದ.

ನಾನು ಚೌಕಾಸಿಗೆ ಕೂತೆ. ದುಡ್ಡು ಬೇಡ ಎಂದೆ. ಮ್ಯೂಸಿಯಂನಲ್ಲಿ ಆ ಬೆಂಚಿನ ಮೇಲೆ ನನ್ನ ಹೆಸರಿನ ಹಿತ್ತಾಳೆಯ ಪಟ್ಟಿ ಹಾಕಿಸಬೇಕು, ಅದೂ ಕಣ್ಣಿಗೆ ಬೀಳುವ ಎತ್ತರದಲ್ಲಿ. ಸಾಹೇಬರು ಅವನ ಮಾತು ಕೇಳುತ್ತಾರಲ್ಲ, ಉಸ್ತಾದನಲ್ಲವೇ. ಅಲ್ಲಿ ಯಾರ ಹೆಸರೂ ಹಾಕುವುದಿಲ್ಲ, ಬೋಗಿ ಕಟ್ಟಿದ ಕಾರ್ಖಾನೆಯದು ಮಾತ್ರ ಎಂದು ಅವನು ಹೇಳಿದ. ನಿನ್ನ ಫೋಟೋ ಮಾತ್ರ ಎಲ್ಲರೂ ತೆಗೆಯುತ್ತಾರೆ ಎಂದೆ. ತೆಗೆಯುವವರು ಯಾವ ಹಳೆಯ ವಸ್ತುವನ್ನಾದರೂ ತೆಗೆಯುತ್ತಾರೆ ಎಂದು ನಕ್ಕ. ನಾನು ನಗಲಿಲ್ಲ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

"ಕೊಟ್ಟ್ರ ಏನಾಗ್ತೈತ್ರಿ," ಎಂದಳು ನನಗೆ. "ನಾನೂ ಆ ಗಾಡ್ಯಾಗ ಬಂದಾಕಿ."

ಮದುವೆಯಾದ ಮೇಲೆ ವಿಜಯಪುರದಿಂದ ಸೊಲ್ಲಾಪುರದವರೆಗೆ ಆ ಸಣ್ಣ ಗಾಡಿಯಲ್ಲಿ ಬಂದಿದ್ದೆವು, ಅಲ್ಲಿಂದ ಮುಂಬಯಿಗೆ ದೊಡ್ಡ ಗಾಡಿ. ಇಡೀ ದಾರಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಏನು ಮಾತಾಡಬೇಕೆಂದು ತಿಳಿಯದೆ ನಾನು ಅವಳ ತಾಯಿ ಕಟ್ಟಿಕೊಟ್ಟ ರೊಟ್ಟಿಯನ್ನೆಲ್ಲ ತಿಂದು ಮುಗಿಸಿದ್ದೆ.

ಅವಳು ಅವನ ಪರವಾಗಿ ಮಾತಾಡಿದ್ದೇ ಕೆಟ್ಟಿತು. ಅವಳು ಸುಮ್ಮನಿದ್ದಿದ್ದರೆ ಕೊಡುತ್ತಿದ್ದೆನೋ ಏನೋ. ಆ ಕ್ಷಣದಲ್ಲಿ ನನ್ನ ಬಾಯಿಂದ ಒಂದು ಸುಳ್ಳು ಸಲೀಸಾಗಿ ಬಂತು: ಇದರ ಜೋಡಿ ಬೆಂಚು ಗೋದಾಮಿನಲ್ಲಿ ಬಿದ್ದಿದೆ, ಅದೇ ಗಾಡಿಯದು, ಅದನ್ನು ಒಯ್ಯಿ. ಮಿಸ್ತ್ರಿ ನನ್ನ ಮುಖವನ್ನು ಒಮ್ಮೆ ನೋಡಿದ. ಆ ದಿನಗಳಲ್ಲಿ ಗೋದಾಮಿನೊಳಗೆ ಹೋಗುತ್ತಿದ್ದ ಪ್ರತಿ ತುಂಡಿಗೂ ಗುರುತು ಹಾಕಿದವನು ಅವನೇ. ಆದರೆ ಆಗಲಿ ಎಂದ, ನನ್ನ ಕೈ ಹಿಡಿದು ಶುಕ್ರಿಯಾ ಎಂದ, ಹೋದ.

ಜೋಗೇಶ್ವರಿಯ ನನ್ನ ಹಳೆಯ ಕೆಲಸಗಾರರಿಗೆ ತೂಗುಮಣೆಯ ಅಳತೆ ಕೊಟ್ಟೆ. ಒಂದು ಹಳೆಯ ಮನೆಯ ತೊಲೆ ಸೀಳಿಸಿ ಏಳು ಪಟ್ಟಿ ಮಾಡಿಸಿದೆ. ಮರ ಹಳೆಯದೇ, ಅಷ್ಟರಮಟ್ಟಿಗೆ ಸುಳ್ಳಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಹೊಸ ಕುಯ್ತಕ್ಕೆ ಗಟ್ಟಿ ಚಹಾದ ನೀರು ಮೂರು ಸಲ ಹಚ್ಚಿಸಿದೆ. ಸೈಕಲ್ ಚೈನಿನಿಂದ ಅಲ್ಲಲ್ಲಿ ಬಡಿಸಿದೆ. ಸಂದುಗಳಿಗೆ ಕಾಡಿಗೆ, ಎಣ್ಣೆ, ಧೂಳು. ಈ ಸಲ ಅಡಿಭಾಗಕ್ಕೂ ನಾನೇ ನಿಂತು ಬಣ್ಣ ಹಾಕಿಸಿದೆ, ಮಿಸ್ತ್ರಿ ಮೊದಲು ಅಲ್ಲಿಯೇ ನೋಡುತ್ತಾನೆಂದು ಗೊತ್ತಿತ್ತು. ಅವನ ಥರದ ಉಳಿಯ ಗೀರು ಕೂಡ ತುದಿಗೆ ಹಾಕಿಸಿದೆ. ಕೊನೆಗೆ ನಡುವಿನಲ್ಲಿ ಸವೆಸಿ ಒಂದು ತಗ್ಗು ಮಾಡಿಸಿದೆ. ಬಹಳ ಜನ ಕೂತ ಹಳೆಯ ಪೀಠ ನಡುವೆ ತಗ್ಗಾಗಿರಬೇಕು. ನಮ್ಮ ಎಲ್ಲ ಗಿರಾಕಿಗಳೂ ಮೊದಲು ಕೈ ಆಡಿಸುವುದು ಅಲ್ಲಿ. ಮುಗಿದ ಮೇಲೆ ನೋಡಿ ನನಗೇ ಹೆಮ್ಮೆಯಾಯಿತು. ಟೆಂಪೋದಲ್ಲಿ ಹಾಕಿ ಕಳಿಸಿಬಿಟ್ಟೆ.

ಮಿಸ್ತ್ರಿ ಫೋನು ಮಾಡಿ ಮುಟ್ಟಿತು ಎಂದ. ಗೆದ್ದೆ ಅಂದುಕೊಂಡೆ.

ಬೋಗಿಯನ್ನು ಜನರಿಗೆ ತೆರೆಯುವ ದಿನ ಹೆಂಡತಿಯ ಜೊತೆ ನಾನೂ ಹೋದೆ. ನನ್ನ ಕೆಲಸ ಅವನ ಕೆಲಸದ ಪಕ್ಕ ಕೂತಿರುವುದನ್ನು, ಯಾರಿಗೂ ವ್ಯತ್ಯಾಸ ತಿಳಿಯದಿರುವುದನ್ನು ನೋಡುವ ಆಸೆ. ಬೋಗಿ ಹೊಳೆಯುತ್ತಿತ್ತು ಎಂದರೆ ತಪ್ಪಾಗುತ್ತದೆ. ನಾನಾಗಿದ್ದರೆ ಪಾಲಿಶ್ ಹೊಡೆದು ಹೊಳೆಸುತ್ತಿದ್ದೆ. ಅವನು ಅದನ್ನು ನಿನ್ನೆಯಷ್ಟೇ ಓಡಿ ಬಂದು ನಿಂತ ಗಾಡಿಯಂತೆ ಮಾಡಿದ್ದ. ಕಿಟಕಿಯ ಮರದ ಪರದೆಗಳು ಎಳೆದರೆ ಸರ್ರನೆ ಇಳಿಯುತ್ತಿದ್ದವು. ಮೇಲೆ ಗಂಟು ಇಡುವ ಹಲಗೆ, ಸೀಟಿನ ನಂಬರು, ಉಗುಳಬೇಡಿ ಎಂಬ ಬರಹ. ಪರದೆಯನ್ನು ಎರಡು ಸಲ ಏರಿಸಿ ಇಳಿಸಿ ನೋಡಿದೆ. ಅದು ಸಂತೋಷಕ್ಕಲ್ಲ. ಇದನ್ನು ನಾನೂ ಮಾಡಬಹುದಾಗಿತ್ತು, ಮಾಡಲಿಕ್ಕೆ ಬೇಕಾದದ್ದೆಲ್ಲ ಒಂದು ಕಾಲಕ್ಕೆ ನನ್ನ ಗೋದಾಮಿನಲ್ಲಿಯೇ ಇತ್ತು, ಅದನ್ನೆಲ್ಲ ನಾನು ಊಟದ ಮೇಜು ಮಾಡಿ ಮಾರಿದೆ ಎಂಬ ಉರಿ.

ಹೆಂಡತಿ ನೇರವಾಗಿ ಮೂಲೆಯ ಬೆಂಚಿಗೆ ಹೋದಳು. ನಮ್ಮ ತೂಗುಮಣೆಯ ಜೋಡಿ ಎಂದು ನಾನೇ ಹೇಳಿದ್ದೆನಲ್ಲ. ಕಿಟಕಿಯ ಪಕ್ಕ ಕೂತಳು. ಸ್ವಲ್ಪ ಸರಿದಳು. ಎದ್ದು ನಡುವೆ ಕೂತಳು, ಮತ್ತೆ ಕಿಟಕಿಗೆ ಬಂದಳು. ಅಂಗೈಯಿಂದ ಪಟ್ಟಿಯನ್ನು ಸವರಿದಳು.

"ಇಲ್ಲಿ ಯಾರೂ ಕುಂತಽ ಇಲ್ಲ," ಎಂದಳು.

ಅವಳು ಆರೋಪ ಮಾಡಲಿಲ್ಲ, ಅಕ್ಕಿಯಲ್ಲಿ ಕಲ್ಲಿದೆ ಎನ್ನುವ ಧ್ವನಿಯಲ್ಲಿ ಹೇಳಿದಳು. ನಾನು ಕುರುಡನಾಗಿದ್ದದ್ದು ಎಲ್ಲಿ ಎಂದು ಆಗ ಹೊಳೆಯಿತು. ಥರ್ಡ್ ಕ್ಲಾಸ್ ಬೆಂಚಿನಲ್ಲಿ ನಾಲ್ಕು ಜನ ಕೂಡುತ್ತಾರೆ. ಸರಿಯಾಗಿ ನಡುವೆ ಯಾರೂ ಕೂಡುವುದಿಲ್ಲ, ಅಲ್ಲಿ ಇಬ್ಬರ ತೊಡೆಗಳು ಸೇರುತ್ತವೆ. ತಗ್ಗು ಬೀಳುವುದು ನಾಲ್ಕು ಕಡೆ, ಎಲ್ಲಕ್ಕಿಂತ ಆಳ ಕಿಟಕಿಯ ಪಕ್ಕ, ಏಕೆಂದರೆ ಗಾಡಿ ಖಾಲಿಯಿದ್ದರೂ ಆ ಜಾಗ ಖಾಲಿ ಇರುವುದಿಲ್ಲ. ನಮ್ಮ ತೂಗುಮಣೆಯಲ್ಲಿ ಹೆಂಡತಿ ಇಷ್ಟು ವರ್ಷ ಒಂದೇ ತುದಿಗೆ ಕೂಡುತ್ತಿದ್ದದ್ದು ಅಲ್ಲಿ ತಗ್ಗಿತ್ತೆಂದು. ಅದರ ಎದುರಿನ ಕುರ್ಚಿಯಲ್ಲಿ ದಿನಾ ಪೇಪರು ಓದುತ್ತಿದ್ದ ನಾನು ಅದನ್ನು ನೋಡಿರಲಿಲ್ಲ.

ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿ ಬೆಂಚಿನ ಅಡಿ ನೋಡಿದೆ. ಏಳು ಪಟ್ಟಿ, ಏಳು ಬಿಳಿ ಚುಕ್ಕೆ.

ಮಿಸ್ತ್ರಿ ಬಾಗಿಲ ಹತ್ತಿರ ನಿಂತು ಬಂದವರಿಗೆ ಹಿಂದಿಯಲ್ಲಿ ವಿವರಿಸುತ್ತಿದ್ದ: ಎಲ್ಲ ಬೆಂಚುಗಳೂ ಹಳೆಯವು, ಆ ಮೂಲೆಯದೊಂದು ಹೊಸದಾಗಿ ಮಾಡಿಸಿದ್ದು. ಮಾಡಿದವರ ಕೈ ಒಳ್ಳೆಯದು ಎಂದೂ ಹೇಳಿದ. ನನ್ನ ಕಡೆ ನೋಡಲಿಲ್ಲ. ಆಮೇಲೆ ಬಂದು, ಅತ್ತಿಗೆಯನ್ನು ಕರೆಯುವಂತೆ, ವೈನೀ, ಪಾನಕ ತಗೋರಿ ಎಂದು ನನ್ನ ಹೆಂಡತಿಗೆ ಗ್ಲಾಸು ಕೊಟ್ಟ, ನನಗೂ ಕೊಟ್ಟ.

ಬಾಯಿ ಬಿಟ್ಟವರ ಜೊತೆ ನಾನು ಎಂಥ ಚೌಕಾಸಿಯನ್ನೂ ಮಾಡಬಲ್ಲೆ. ಅವನು ಬೈದಿದ್ದರೆ ಎರಡು ತಿರುಗಿಸಿ ಬೈದು ಸಮ ಮಾಡಿಕೊಳ್ಳುತ್ತಿದ್ದೆ. ಸುಮ್ಮನಿರುವವನ ಜೊತೆ ಏನು ಮಾಡುವುದು? ಮರುದಿನ ಬೆಳಗ್ಗೆ ಹೆಂಡತಿ ಸೋಸಬೇಕಾದ ಮೆಂತ್ಯೆಯ ಪುಟ್ಟಿ ತಂದು ನೆಲದ ಮೇಲೆ ಕೂತಳು. ಅದರ ಮರುದಿನವೂ ನೆಲದ ಮೇಲೆ. ಮೊಣಕಾಲು ನೋಯುತ್ತದಲ್ಲ, ಮೇಲೆ ಕೂಡು ಎಂದೆ. ಇರಲಿ ಎಂದಳು. ಫ್ಯಾನಿನ ಗಾಳಿಗೆ ತೂಗುಮಣೆ ಖಾಲಿಯಾಗಿಯೇ ಅಲ್ಲಾಡುತ್ತಿತ್ತು. ಆ ಅಂಗೈಯಷ್ಟಗಲದ ನಡುಮನೆಯಲ್ಲಿ ಅದು ಬಹಳ ದೊಡ್ಡದಾಗಿ ಕಾಣತೊಡಗಿತು.

ಮೂರನೆಯ ದಿನ ಮಿಸ್ತ್ರಿಗೆ ಫೋನು ಮಾಡಿ, ಸ್ಕ್ರೂ ಬಿಚ್ಚುವ ಪೇಚಕಸ್ ತಗೊಂಡು ಬಾ ಎಂದೆ. ಯಾಕೆಂದು ಕೇಳಲಿಲ್ಲ. ಎರಡು ತಾಸಿನೊಳಗೆ ಬಂದ.

ಸರಪಳಿ ಬಿಚ್ಚಿದೆವು. ಟೆಂಪೋ ಹೇಳಬಹುದಾಗಿತ್ತು. ಅವನು ಹೆಗಲು ಕೊಟ್ಟು ಹೊರಟೇಬಿಟ್ಟ, ನಾನು ಇನ್ನೊಂದು ತುದಿ ಹಿಡಿದೆ. ಬಿಲ್ಡಿಂಗಿನ ವಾಚ್‌ಮನ್ನು ಮನೆ ಖಾಲಿ ಮಾಡುತ್ತಿದ್ದೀರಾ ಎಂದು ಕೇಳಿದ. ಲಗೇಜಿನ ತಿಕೀಟು ತೆಗೆದು ಬೊರಿವಲಿಯಲ್ಲಿ ಲೋಕಲ್ ಗಾಡಿಯ ಸಾಮಾನಿನ ಡಬ್ಬಿಗೆ ಹತ್ತಿಸಿದೆವು. ಅಲ್ಲಿ ಕೂಡಲು ಜಾಗವಿರಲಿಲ್ಲ. ಮೀನಿನ ಬುಟ್ಟಿಗಳು, ಹೂವಿನ ಗಂಟುಗಳು. ಕೊನೆಗೆ ಬೆಂಚನ್ನೇ ಎರಡು ಗಂಟುಗಳ ಮೇಲೆ ಇಟ್ಟು ಇಬ್ಬರೂ ಅದರ ಮೇಲೆ ಕೂತೆವು. ಕಿಟಕಿಯ ತುದಿಗೆ ಅವನು ಕೂತ. ಅದಕ್ಕೂ ನನಗೆ ಚುರ್ರೆಂದಿತು.

ಅಂಧೇರಿ ದಾಟುವಾಗ ಮೀನಿನ ಬುಟ್ಟಿಯ ಹೆಂಗಸೊಬ್ಬಳು ಬೆಂಚಿನ ಮೇಲೆ ಕೈ ಆಡಿಸಿ, ಕೇವಢ್ಯಾಲಾ, ಎಷ್ಟಕ್ಕೆ ಕೊಡುತ್ತೀ ಎಂದು ಮರಾಠಿಯಲ್ಲಿ ಕೇಳಿದಳು. ನನಗೆ ಅರಿವಿಲ್ಲದೆಯೇ ಬಾಯಿ ತೆರೆಯಿತು, ಮಹಾರಾಜರ ಸಲೂನು ಎಂದು ಶುರು ಮಾಡಿಬಿಟ್ಟಿದ್ದೆ. ಮಿಸ್ತ್ರಿ ನನ್ನ ತೊಡೆಯ ಮೇಲೆ ಕೈಯಿಟ್ಟ.

"ಸಾವ್ಕಾರ್ರ, ದುಕಾನ ಬಂದ್ ಮಾಡ್ರಿ."

ಆಗ ಇಬ್ಬರಿಗೂ ನಗು ಬಂತು. ಆಕೆಗೆ ಏನೂ ತಿಳಿಯಲಿಲ್ಲ. ದಾದರಿನಲ್ಲಿ ಇಳಿದು, ಸೇತುವೆ ದಾಟಿ, ಗಾಡಿ ಬದಲಾಯಿಸಿ ಕುರ್ಲಾ ಮುಟ್ಟುವಷ್ಟರಲ್ಲಿ ನನ್ನ ಭುಜ ಬಿದ್ದುಹೋಗಿತ್ತು. ಅವನಿಗೆ ನನಗಿಂತ ಎರಡು ವರ್ಷ ಹೆಚ್ಚು. ಅವನ ಉಸಿರು ಕೂಡ ಏರಿರಲಿಲ್ಲ.

ಬೋಗಿಯಲ್ಲಿ ಅವನು ನನ್ನ ಬೆಂಚನ್ನು ಬಿಚ್ಚಿ ಕೆಳಗಿಟ್ಟು, ಹಳೆಯದನ್ನು ಕಬ್ಬಿಣದ ಬ್ರಾಕೆಟ್ಟುಗಳ ಮೇಲೆ ಎತ್ತಿಡಿಸಿದ. ಸರಪಳಿಗಾಗಿ ತಾನೇ ಕೊರೆದಿದ್ದ ನಾಲ್ಕು ತೂತುಗಳಲ್ಲಿ ಸಾಗವಾನಿಯ ಬೆಣೆ ಬಡಿದ. ಬೆಣೆಗಳು ಹೊಸವಾದ್ದರಿಂದ ಒಂದೊಂದಕ್ಕೂ ಬಿಳಿ ಚುಕ್ಕೆ ಇಟ್ಟ. ಆಮೇಲೆ ಬೆಂಚಿನ ಕೆಳಗೆ ಅಂಗಾತ ಮಲಗಿ ಸ್ಕ್ರೂ ತಿರುಗಿಸತೊಡಗಿದ. ನಾನು ಮೇಲಿನಿಂದ ಒತ್ತಿ ಹಿಡಿದಿದ್ದೆ. ಸ್ವಲ್ಪ ಅಲುಗಾಡಿತು.

"ಗಟ್ಟಿಗೆ ಹಿಡಿ," ಎಂದ ಕೆಳಗಿನಿಂದ. ಅಷ್ಟು ವರ್ಷದಲ್ಲಿ ಮೊದಲ ಸಲ ಸಾವ್ಕಾರ್ರ ಅನ್ನಲಿಲ್ಲ, ಹಿಡಿರಿ ಅನ್ನಲೂ ಇಲ್ಲ. ಗಟ್ಟಿಯಾಗಿ ಹಿಡಿದೆ.

ಕೊನೆಯ ಸ್ಕ್ರೂ ನನ್ನ ಕೈಗೆ ಕೊಟ್ಟ. ಮೊಣಕಾಲೂರಿ, ತಲೆ ಒಳಗೆ ತೂರಿಸಿ, ನಾನೇ ತಿರುಗಿಸಿದೆ. ಅಲ್ಲಿ ಒಂದು ಪಟ್ಟಿಯ ತುದಿಯಲ್ಲಿ ರಂದಾಕ್ಕೆ ಸಿಗದೆ ಉಳಿದ ಅವನ ಹಳೆಯ ಗೀರು ಇತ್ತು. ಗೋಡೆಯ ಹಲಗೆಗೆ ತಾಗುವ ತುದಿ, ಅಂದರೆ ಇದು ಕಿಟಕಿಯ ಕಡೆ ಎಂಬ ಗುರುತು. ಮತ್ತೆ ಕೂಡಿಸುವ ದಿನ ಬರುತ್ತದೆಂದು ಅವನಿಗೆ ಆಗಲೇ ಗೊತ್ತಿತ್ತೇ ಎಂದು ಕೇಳಬೇಕೆನಿಸಿತು. ಕೇಳಿದ್ದರೆ ಕೈಗೆ ರೂಢಿ ಎಂದೇ ಹೇಳುತ್ತಿದ್ದ; ಸ್ಕ್ರೂವನ್ನು ಇನ್ನೊಂದು ಸುತ್ತು ಬಿಗಿ ಮಾಡಿದೆ.

ನನ್ನ ಬೆಂಚನ್ನು ವಾಪಸು ಒಯ್ಯಲು ಹೇಳಿದ. ಅದಕ್ಕೆ ಟೆಂಪೋ ಮಾಡಿದೆ. ಅದೇ ಈಗ ಬೊರಿವಲಿಯಲ್ಲಿ ಹಳೆಯ ಸರಪಳಿಗೆ ತೂಗುತ್ತಿದೆ. ಹೆಂಡತಿ ಮೊದಲ ದಿನ ಎಲ್ಲಿ ಕೂಡಬೇಕೆಂದು ಸ್ವಲ್ಪ ಹೊತ್ತು ಹುಡುಕಿದಳು, ಕೊನೆಗೆ ಮತ್ತೆ ಅದೇ ತುದಿಗೆ ಕೂತಳು. ಅಲ್ಲಿ ತಗ್ಗು ಬೀಳುವಷ್ಟು ಕಾಲ ನಾವಿಬ್ಬರೂ ಇರುವುದಿಲ್ಲ ಎಂದೆ. ಈಗಿಂದ ಶುರು ಮಾಡಿದರಾಯಿತು ಎಂದಳು. ಮಹಾರಾಜರ ಸಲೂನು ಕೇಳಿಕೊಂಡು ಇನ್ನೂ ಯಾರಾದರೂ ಬಂದರೆ ಕೆಳಗೆ ಬಗ್ಗಿ ನೋಡಿ ಎಂದು ಹೇಳುತ್ತೇನೆ. ಏಳು ಚುಕ್ಕೆಗಳನ್ನೂ ಅಳಿಸಿಲ್ಲ.

ಮಿಸ್ತ್ರಿ ವಿಜಯಪುರಕ್ಕೆ ಹೋದ. ಮ್ಯೂಸಿಯಂನ ಗೋಡೆಗೆ ಅವನ ಫೋಟೋ ಹಾಕಿದ್ದಾರಂತೆ ಎಂದು ಹೆಂಡತಿ ಹೇಳಿದಾಗ ಮೊದಲಿನಂತೆಯೇ ಎದೆಯಲ್ಲಿ ಏನೋ ಚುಚ್ಚಿತು. ಈ ವಯಸ್ಸಿಗೆ ಅದು ಹೋಗುವ ರೋಗವಲ್ಲ. ತಿಂಗಳಿಗೊಮ್ಮೆ ತಿಕೀಟು ಕೊಂಡು ಒಳಗೆ ಹೋಗಿ ಬೋಗಿ ಹತ್ತುತ್ತೇನೆ. ಬಗ್ಗಿ ನನ್ನ ಸ್ಕ್ರೂ ಗಟ್ಟಿಯಿದೆಯೇ ನೋಡುತ್ತೇನೆ. ನೀವು ಹೋಗುವುದಾದರೆ ಬುಧವಾರ ಮಧ್ಯಾಹ್ನ ಹೋಗಿ, ಜನ ಕಡಿಮೆ. ಎಲ್ಲಿ ಬೇಕಾದರೂ ಕೂಡಿ, ಆ ಮೂಲೆಯ ಕಿಟಕಿಯ ಪಕ್ಕ, ನನ್ನ ಹೆಂಡತಿ ಕೂಡುತ್ತಿದ್ದ ತಗ್ಗಿನಲ್ಲಿ ಮಾತ್ರ ಬಹಳ ಹೊತ್ತು ಕೂಡಬೇಡಿ. ಅಲ್ಲಿ ಯಾರಾದರೂ ಕೂತಿದ್ದರೆ ನಾನು ಎದುರಿನ ಬೆಂಚಿನಲ್ಲಿ ಕೂತು, ಅವರು ಏಳುವವರೆಗೆ ನೋಡುತ್ತಿರುತ್ತೇನೆ.